ನಾಲ್ಕಿಂಚು ಚಾಕು, ಬ್ರ್ಯಾಂಡ್ ಇಲ್ಲ

ಭಾಗ 1

ಹೋದ ವಾರದ ಫೋಟೋ ನೋಡಿ ಇಪ್ಪತ್ತು ಜನಕ್ಕಿಂತ ಜಾಸ್ತಿ ಕೇಳಿದ್ರಿ: "ಅಕ್ಕಾ, ಚಾಕು ಯಾವ ಬ್ರ್ಯಾಂಡು? ಲಿಂಕ್ ಹಾಕು." ಲಿಂಕ್ ಇಲ್ಲ ಕಣ್ರೋ, ಬ್ರ್ಯಾಂಡೂ ಇಲ್ಲ. ಕಾಮಸಮುದ್ರದ ಕಡೆ ಹೋಗೋ ದಾರಿಯ ಒಂದು ಕುಲುಮೇಲಿ, ಲಾರಿ ಪಟ್ಟಿಯ ತುಂಡಲ್ಲಿ ಮಾಡಿಸಿದ್ದು. ಒಂದೊಂದೇ ಮೆಸೇಜಿಗೆ ಉತ್ತರ ಕೊಡೋಕೆ ಆಗ್ತಿಲ್ಲ, ಅದಕ್ಕೆ ಇಲ್ಲೇ ಉದ್ದಕ್ಕೆ ಬರೀತೀನಿ. ಒಂದೇ ಕ್ಯಾಪ್ಷನ್‌ನಲ್ಲಿ ಹಿಡಿಸಲ್ಲ, ಸ್ವಲ್ಪ ಸ್ವಲ್ಪ ಹಾಕ್ತೀನಿ.

ಹೊಸಬರಿಗೆ ಎರಡು ಮಾತು. ಬುಷ್‌ಕ್ರಾಫ್ಟ್ ಅಂದ್ರೆ ಕಡಿಮೆ ಸಾಮಾನಲ್ಲಿ ಬಯಲಲ್ಲಿ ಒಂದು ದಿನ ಕಳೆಯೋ ಕಲೆ: ಕಡ್ಡಿ ಸೀಳೋದು, ಮಳೆಯಲ್ಲೂ ಒಲೆ ಹೊತ್ತಿಸೋದು, ಗೂಟ ಕೆತ್ತೋದು, ಟಾರ್ಪಾಲು ಕಟ್ಟೋದು, ಮರದಲ್ಲಿ ಸೌಟು ಮಾಡೋದು. ಕುರಿ ಕಾಯೋರು ನೋಡಿದ್ರೆ ನಗ್ತಾರೆ, ಅವರಿಗೆ ಇದು ದಿನದ ಕೆಲಸ. ನಾವು ಐದು ಜನ ಭಾನುವಾರ ಭಾನುವಾರ ಬೂದಿಕೋಟೆ ಹತ್ರ (ಹೈದರಾಲಿ ಹುಟ್ಟಿದೂರು ಅಂತ ಶಾಲೇಲಿ ಓದಿದ್ವಲ್ಲ, ಅದೇ) ಗೆಳತಿಯ ಮನೆ ತೋಟದಲ್ಲಿ ಇದನ್ನ ಮಾಡ್ತೀವಿ. ಅದಕ್ಕೆ ಬೇಕಾಗೋದು ಮಡಚೋಕಾಗದ ಗಟ್ಟಿ ಚಾಕು, ಫಿಕ್ಸೆಡ್ ಬ್ಲೇಡ್ ಅಂತಾರಲ್ಲ, ಅದು.

ಭಾಗ 2

ಮೊದಲು ಯಾವುದು ಬೇಡ ಅಂತ ಹೇಳ್ಬಿಡ್ತೀನಿ.

ಆನ್‌ಲೈನಲ್ಲಿ "ಸರ್ವೈವಲ್ ನೈಫ್" ಅಂತ ಹುಡುಕಿದ್ರೆ ಮೊದಲು ಬರೋದು ಒಂದೇ ಥರದ್ದು. ಕಪ್ಪು ಬಣ್ಣ, ಬೆನ್ನ ಮೇಲೆ ಗರಗಸದ ಹಲ್ಲು, ಟೊಳ್ಳು ಹಿಡಿ, ಹಿಡಿಯ ಮುಚ್ಚಳದಲ್ಲಿ ದಿಕ್ಸೂಚಿ, ಒಳಗೆ ನಾಲ್ಕು ಬೆಂಕಿಕಡ್ಡಿ, ಒಂದು ಮೀನು ಗಾಳ. ನಮ್ಮ ಗುಂಪಿನ ಒಬ್ಬ ಅದನ್ನ ತರಿಸಿದ್ದ. ನೋಡೋಕೆ ಸಿನಿಮಾ ಥರಾನೇ ಇತ್ತು. ಒಣಗಿದ ನೀಲಗಿರಿ ತುಂಡು ಸೀಳೋವಾಗ ಹಿಡಿ ಅವನ ಕೈಯಲ್ಲೇ ಉಳೀತು, ಅಲಗು ತಿರುಗಿ ಹೆಬ್ಬೆಟ್ಟು ತೋರುಬೆರಳ ಮಧ್ಯೆ ಕೂತ್ಕೊಳ್ತು. ನಾಲ್ಕು ಹೊಲಿಗೆ. ಆಮೇಲೆ ಆ ಹಿಡಿಯನ್ನ ಬಿಚ್ಚಿ ನೋಡಿದ್ವಿ. ಅಲಗಿನ ಬಾಲ ಒಳಗೆ ಹೋಗಿದ್ದಿದ್ದು ಹೆಬ್ಬೆರಳ ಉಗುರಷ್ಟು! ಅದನ್ನ ಹಿಡಿದಿದ್ದು ಒಂದೇ ಒಂದು ನಟ್ಟು. (ಫೋಟೋ 2 ನೋಡಿ. ರಕ್ತದ ಫೋಟೋ ಹಾಕಲ್ಲ, ಕೇಳ್ಬೇಡಿ.)

ಅವನು ಆ ಚಾಕುಗೆ ಮಾಲ್‌ನಲ್ಲಿ ವಾರಾಂತ್ಯ ಕೆಲಸ ಮಾಡಿ ದುಡ್ಡು ಕೂಡಿಸಿದ್ದ. ನಮ್ಮಲ್ಲಿ ಮುಕ್ಕಾಲು ಜನದ ಮನೇಲಿ ಅಪ್ಪನೋ ಅಮ್ಮನೋ ಕತ್ತಲಲ್ಲೇ ಎದ್ದು ಬೆಂಗಳೂರು ರೈಲು ಹಿಡಿಯೋರು. ಕಮ್ಮಿ ದುಡ್ಡಿಗೆ ಒಳ್ಳೆ ಚಾಕು ಅನ್ನೋದು ನಮಗೆ ಶೋಕಿಯ ಪ್ರಶ್ನೆ ಅಲ್ಲ. ದುಡ್ಡು ಒಂದು ಸಲ ಹೋದ್ರೆ ಹೋಯ್ತು, ಬೆರಳೂ ಹಾಗೇನೇ.

ಭಾಗ 3

ಹೊರದೇಶದ ವಿಡಿಯೋ ನೋಡಿ ನೋಡಿ ನಮಗೆಲ್ಲ ಒಂದು ಹುಚ್ಚು ಹತ್ತಿದೆ: ಒಂದೇ ಚಾಕು ಎಲ್ಲಾ ಮಾಡ್ಬೇಕು. ಮರ ಕಡೀಬೇಕು, ಸೀಳ್ಬೇಕು, ಕೆತ್ಬೇಕು, ಟೊಮೆಟೊನೂ ಹೆಚ್ಬೇಕು. ಅದಕ್ಕೆ ಅವರು ದಪ್ಪದ, ಉದ್ದದ, ದುಬಾರಿ ಚಾಕು ತೋರಿಸ್ತಾರೆ. ಆದ್ರೆ ನಿಮ್ಮ ಮನೆ ಹಿತ್ತಲಲ್ಲಿ ಒಂದ್ಸಲ ನೋಡಿ. ಮಚ್ಚು ಇದೆ, ಕುಡುಗೋಲು ಇದೆ, ಅಡುಗೆಮನೇಲಿ ಈಳಿಗೆಮಣೆ ಇದೆ. (ಮಚ್ಚಾ ಬೇರೆ, ಮಚ್ಚು ಬೇರೆ. ಆಂಡರ್ಸನ್‌ಪೇಟೆ ಹುಡುಗ್ರಿಗೆ ವಿಶೇಷ ಸೂಚನೆ.) ಕಡಿಯೋ ಕೆಲಸಕ್ಕೆ ದೊಡ್ಡ ಅಲಗು ಆಗಲೇ ಮನೇಲಿದೆ. ಇಲ್ಲದೆ ಇರೋದು ಚಿಕ್ಕದು ಮಾತ್ರ, ಮುಷ್ಟಿಯಲ್ಲಿ ಹಿಡಿದು ಕೆತ್ತೋಕೆ ಆಗೋದು.

ಇದು ತಲೆಗೆ ಹೋದ ಮೇಲೆ ಖರ್ಚು ಅರ್ಧಕ್ಕೆ ಇಳೀತು. ನನಗೆ ಬೇಕಾಗಿದ್ದು ಇಷ್ಟೆ. ಅಲಗು ನಾಲ್ಕಿಂಚು, ಅಂಗೈ ಅಗಲಕ್ಕಿಂತ ಸ್ವಲ್ಪ ಜಾಸ್ತಿ. ಬೆನ್ನು 3ರಿಂದ 4 ಮಿಲಿಮೀಟರ್ ದಪ್ಪ. ಆರು ಮಿಲಿಮೀಟರ್ ಇದ್ರೆ ಅದು ಚಾಕು ಅಲ್ಲ, ಉಳಿ. ಗಟ್ಟಿ ಅನ್ನಿಸುತ್ತೆ, ಆದ್ರೆ ಕಡ್ಡಿಯಲ್ಲಿ ಒಂದು ತೆಳು ಸಿಪ್ಪೆ ಎಬ್ಬಿಸೋಕೆ ಬರಲ್ಲ. ಬೆನ್ನಿನ ಅಂಚು ಗುಂಡಗೆ ಮಾಡಬಾರದು, ಚೌಕವಾಗೇ ಬಿಡ್ಬೇಕು: ತೊಗಟೆ ಕೆರೆಯೋಕೂ ಫೆರೋ ರಾಡ್ ಉಜ್ಜಿ ಕಿಡಿ ಹಾರಿಸೋಕೂ ಆ ಅಂಚೇ ಬೇಕು. ಎಲ್ಲಕ್ಕಿಂತ ಮುಖ್ಯ, ಅಲಗಿನ ಉಕ್ಕೇ ಹಿಡಿಯ ಕೊನೆವರೆಗೂ ಹೋಗಿರ್ಬೇಕು, ಹಿಡಿ ಅಗಲಕ್ಕೇ. ಇದಕ್ಕೆ ಫುಲ್ ಟ್ಯಾಂಗ್ ಅಂತಾರೆ. ಎರಡು ಕಡೆ ಮರದ ಪಟ್ಟಿ ಉದುರಿ ಹೋದ್ರೂ ಕೈಯಲ್ಲಿ ಒಂದೇ ತುಂಡು ಉಕ್ಕು ಉಳಿಯುತ್ತೆ, ದಾರ ಸುತ್ತಿ ಮನೆಗೆ ಬರಬಹುದು.

ನಮ್ಮ ತಾತ ಚಾಂಪಿಯನ್ ರೀಫ್‌ನಲ್ಲಿ ಭೂಮಿಯೊಳಗೆ ಟಿಂಬರ್ ಕೆಲಸ ಮಾಡಿದ್ದೋರು, 2001ರ ಫೆಬ್ರವರಿಲಿ ಮೈನ್ಸ್ ಮುಚ್ಚೋವರೆಗೂ. ಮುರಿದ ಹಿಡಿ ತೋರಿಸಿದಾಗ ಅಲಗು ಕಡೆ ಅವರು ನೋಡ್ಲೇ ಇಲ್ಲ. ಕೊಡಲಿ ಕೈಗೆ ಕೊಟ್ಟಾಗ ಮೊದಲು ಕಾವು ನೋಡೋದು, ಆಮೇಲೆ ಬಾಯಿ ನೋಡೋದು ಅಂದ್ರು. ಕೆಳಗೆ ಕತ್ತಲಲ್ಲಿ ಪಕ್ಕದೋನು ಎರಡಡಿ ದೂರದಲ್ಲಿ ಇರ್ತಾನಂತೆ. ಕಾವಿಂದ ತಲೆ ಕಳಚಿದ್ರೆ ಅದು ಅವನಿಗೇ ಹೋಗೋದು.

ಭಾಗ 4

ಸರಿ, ಉಕ್ಕು. ಮೆಕ್ಯಾನಿಕಲ್ ಬಳಗ, ಮೂರನೇ ಸೆಮಲ್ಲಿ ಐರನ್ ಕಾರ್ಬನ್ ಡಯಾಗ್ರಾಂ ಬರೆದು ಬರೆದು ಬೈಕೊಂಡ್ವಲ್ಲ, ಅದು ಇಲ್ಲಿ ಕೆಲಸಕ್ಕೆ ಬರುತ್ತೆ.

ಲಾರಿ ಪಟ್ಟಿ, ಅಂದ್ರೆ ಲೀಫ್ ಸ್ಪ್ರಿಂಗ್, ನಮ್ಮೂರ ಕಡೆ ಸಿಗೋ ಅಗ್ಗದ ಒಳ್ಳೆ ಉಕ್ಕು. ಸಾಮಾನ್ಯವಾಗಿ ಸಿಲಿಕಾನ್ ಮ್ಯಾಂಗನೀಸ್ ಇರೋ ಇಎನ್ 45 ಥರದ್ದು, ಇಂಗಾಲ ಶೇಕಡ 0.5ರಿಂದ 0.6ರ ಆಸುಪಾಸು. ಬಾಗುತ್ತೆ, ಬೇಗ ಮುರಿಯಲ್ಲ, ಹದ ಕೊಟ್ರೆ ಬಾಯಿ ನಿಲ್ಲುತ್ತೆ. ಹಳೇ ಅರ ಕೂಡ ಒಳ್ಳೇದು, ಅದ್ರಲ್ಲಿ ಇಂಗಾಲ ಇದರ ಎರಡರಷ್ಟು. ಆದ್ರೆ ಹದ ತಪ್ಪಿದ್ರೆ ಗಾಜಿನ ಥರ ಪಟ್ ಅನ್ನುತ್ತೆ. ಪವರ್ ಹ್ಯಾಕ್ಸಾ ಬ್ಲೇಡಲ್ಲಿ ಮಾಡಿದ ಚಾಕು ಸಂತೇಲಿ ಸಿಗುತ್ತೆ. ತರಕಾರಿಗೆ ಬಲು ಚೆನ್ನ, ಆದ್ರೆ ಬೆನ್ನ ಮೇಲೆ ಹೊಡೆದು ಸೌದೆ ಸೀಳೋಕೆ ಬೇಡ.

ಗುಜರಿ ಅಂಗಡೀಲಿ ಒಂದು ಮಾತು ಕೇಳಿ ಕೇಳಿ ಸಾಕಾಗಿದೆ: "ಇದು ಮೈನ್ಸ್ ಉಕ್ಕು ಮಗಾ, ಬ್ರಿಟಿಷರ ಕಾಲದ್ದು." ಹೀಗಂದ ತಕ್ಷಣ ರೇಟು ಎರಡರಷ್ಟು. ಮೈನ್ಸಲ್ಲಿ ಒಳ್ಳೆ ಉಕ್ಕು ಇತ್ತು ನಿಜ, ಹಾಗೇ ಪೈಪು, ಆಂಗಲ್ಲು, ತಗಡು ಕೂಡ ಇತ್ತು. ನಂಬೋ ಮೊದಲು ಗ್ರೈಂಡರ್‌ಗೆ ತಾಗಿಸಿ ಕಿಡಿ ನೋಡಿ. ಮೆತ್ತನೆ ಕಬ್ಬಿಣದ ಕಿಡಿ ಉದ್ದಕ್ಕೆ ಗೆರೆ ಥರ ಹೋಗುತ್ತೆ, ತುದೀಲಿ ಹೆಚ್ಚು ಕವಲು ಇರಲ್ಲ. ಇಂಗಾಲ ಇರೋ ಉಕ್ಕಿನ ಕಿಡಿ ಸುರುಸುರುಬತ್ತಿ ಥರ ಒಡೆದು ಒಡೆದು ಹೂವಾಗುತ್ತೆ. ಕಣ್ಣಿಗೆ ಕನ್ನಡಕ ಹಾಕ್ಕೊಂಡು ನೋಡಿ ಮತ್ತೆ.

ಇನ್ನೊಂದು ವಿಷಯ ಯಾವ ವಿಡಿಯೋದಲ್ಲೂ ಸರಿಯಾಗಿ ಹೇಳಲ್ಲ. ವರ್ಷಗಟ್ಟಲೆ ಲಾರಿ ಕೆಳಗೆ ಬಾಗಿ ಬಾಗಿ ದಣಿದ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದು. ಅದು ಕುಲುಮೇಲಿ ಮಾಯ ಆಗಲ್ಲ, ನಿಮ್ಮ ಅಲಗಿನೊಳಗೇ ಕೂತಿರುತ್ತೆ. ಪರೀಕ್ಷೆಗೆ ರೈಲ್ವೆಯವರ ಹಳೇ ಉಪಾಯ ಒಂದಿದೆ, ಹಿಂದೆ ರೈಲಿನ ಅಚ್ಚು ಗಾಲಿಗಳಿಗೆ ಹೀಗೇ ಮಾಡ್ತಿದ್ರು. ಪಟ್ಟಿಯನ್ನ ಉಜ್ಜಿ ಬೆಳ್ಳಗೆ ಮಾಡಿ, ಸೀಮೆಎಣ್ಣೆಯಲ್ಲಿ ನೆನೆಸಿ, ಒಣ ಬಟ್ಟೇಲಿ ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಬಳೀರಿ. ಬಿರುಕು ಇದ್ರೆ ಒಳಗೆ ಸೇರಿದ್ದ ಎಣ್ಣೆ ಜಿನುಗಿ ಬಿಳಿ ಪುಡಿ ಮೇಲೆ ಗೆರೆ ಮೂಡುತ್ತೆ. (ಫೋಟೋ 5: ಅಂಥ ಗೆರೆ ಬಂದು ನಾನು ವಾಪಸ್ ಕೊಟ್ಟ ತುಂಡು.) ಇದಕ್ಕಿಂತ ಸುಲಭದ ದಾರಿ, ಬಂಗಾರಪೇಟೇಲಿ ಪಟ್ಟಿ ರಿಪೇರಿ ಮಾಡೋ ಕಡೆ ಹೊಸ ಪಟ್ಟಿಯ ಕತ್ತರಿಸಿ ಉಳಿದ ತುಂಡು ಕೇಳಿ. ನಾನು ಕೊನೆಗೆ ತಗೊಂಡಿದ್ದು ಅದನ್ನೇ, 80 ರೂಪಾಯಿ. ವಾಪಸ್ ಬರೋವಾಗ ಬಿಳಿ ಪಾನಿಪೂರಿ ತಿನ್ನದೆ ಬಂದ್ರೆ ಬಂಗಾರಪೇಟೆಗೆ ಹೋದ ಲೆಕ್ಕ ಇಲ್ಲ, ಆ ಖರ್ಚು ಬೇರೆ.

ಸ್ಟೇನ್‌ಲೆಸ್ ಬೇಡ್ವಾ ಅಂತ ಕೇಳ್ತೀರಿ. ಕರಾವಳಿ, ಮಲೆನಾಡಿನೋರಿಗೆ ಅದು ಸರಿ. ನಮ್ಮದು ಒಣ ಜಿಲ್ಲೆ, ಒರೆಸಿ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿದ್ರೆ ಸಾಕು. ಶ್ರೀನಿವಾಸಪುರದ ಮಾವು ಬರೋ ಕಾಲದಲ್ಲಿ ಮಾತ್ರ ಅಲಗು ಕಪ್ಪಾಗುತ್ತೆ, ಹುಳಿ ತಾಗಿ. ಅದು ತುಕ್ಕಲ್ಲ, ಹೆದರ್ಬೇಡಿ.

ಭಾಗ 5

ಕುಲುಮೆ. ಇದೇ ನನಗೆ ಇಷ್ಟದ ಭಾಗ.

ಕಮ್ಮಾರರ ಹತ್ರ ಹೋಗಿ "ಬುಷ್‌ಕ್ರಾಫ್ಟ್ ನೈಫ್" ಅಂದ್ರೆ ಏನೂ ಆಗಲ್ಲ. ನೋಟ್‌ಬುಕ್ಕಿನ ಹಿಂದಿನ ರಟ್ಟಲ್ಲಿ ಚಾಕುವಿನ ಆಕಾರ ಅಸಲಿ ಅಳತೆಗೇ ಕತ್ತರಿಸಿ ತಗೊಂಡು ಹೋಗಿ. ರಟ್ಟು ನೋಡಿದ ಕೂಡಲೇ ನಮ್ಮ ಕುಲುಮೆಯ ಅಣ್ಣ, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ, ಹಿಡಿ ಇಷ್ಟು ಉದ್ದ ಬೇಡ ನಿನ್ನ ಕೈ ಚಿಕ್ಕದು ಅಂತ ಶುರು ಮಾಡಿದ್ರು. ಅದಕ್ಕೂ ಮೊದಲು ಯಾರಿಗಮ್ಮ ಚಾಕು ಅಂತ ಕೇಳಿದ್ರು. ನನಗೇ ಅಂದೆ. ಹಂಗಾದ್ರೆ ಒಂದು ಈಳಿಗೆಮಣೆ ಮಾಡ್ಕೊಡ್ತೀನಿ, ಮುಂದೆ ಉಪಯೋಗಕ್ಕೆ ಬರುತ್ತೆ ಅಂದ್ರು. ಮುಂದೆ ಬರ್ತೀನಣ್ಣ, ಈಗ ಇದು ಅಂದೆ. ನಕ್ಕರು, ಇದ್ದಿಲು ಕೆದಕಿದ್ರು.

ಕೇಳಬೇಕಾದ ವಿಷಯ ಹದದ್ದು. ಮಚ್ಚು ಕುಡುಗೋಲಿಗೆ ಅವರು ಕೆಂಪಗೆ ಕಾಸಿ ಬಾಯಿ ಮಾತ್ರ ನೀರಿಗೆ ಅದ್ದುತಾರೆ. ದೊಡ್ಡ ಅಲಗಿಗೆ ಅದು ನಡೆಯುತ್ತೆ, ಶತಮಾನಗಳಿಂದ ನಡೆದಿದೆ. ಆದ್ರೆ ಪಟ್ಟಿ ಉಕ್ಕಿನ ತೆಳು ಅಲಗನ್ನ ತಣ್ಣೀರಿಗೆ ಹಾಕಿದ್ರೆ ಬಿರುಕು ಬಿಡೋ ಅಪಾಯ ಜಾಸ್ತಿ. ಎಣ್ಣೆ ವಾಸಿ. ಒಂದು ಡಬ್ಬಿ ಕಡಲೆಕಾಯಿ ಎಣ್ಣೆ ತಗೊಂಡು ಹೋಗಿದ್ದೆ, ಬೆರಳು ಹೆಚ್ಚು ಹೊತ್ತು ಇಡೋಕಾಗದಷ್ಟು ಬೆಚ್ಚಗೆ ಮಾಡಿ. ಅಡುಗೆ ಎಣ್ಣೇಲಿ ಕಬ್ಬಿಣ ಕರೀತೀಯಾ ಅಂತ ಮತ್ತೆ ನಗು.

ಕಾವು ಎಷ್ಟಿರ್ಬೇಕು? ಹಳೇ ಸ್ಪೀಕರಿನ ಅಯಸ್ಕಾಂತ ಜೇಬಲ್ಲಿತ್ತು. ಉಕ್ಕು ಸುಮಾರು 770 ಡಿಗ್ರಿ ದಾಟಿದ ಮೇಲೆ ಅಯಸ್ಕಾಂತಕ್ಕೆ ಅಂಟಲ್ಲ. ಅದು ಬಿಟ್ಟ ಮೇಲೆ ಇನ್ನೊಂದು ಛಾಯೆ ಕೆಂಪೇರಿಸಿ ಅದ್ದಬೇಕು. ಅವರಿಗೆ ಅಯಸ್ಕಾಂತ ಬೇಕಾಗೇ ಇರ್ಲಿಲ್ಲ. ಕುಲುಮೆ ಯಾಕೆ ಕತ್ತಲು ಕೋಣೇಲಿ ಇರುತ್ತೆ ಅಂತ ಅವತ್ತು ಗೊತ್ತಾಯ್ತು. ಬಿಸಿಲಲ್ಲಿ ಬಣ್ಣ ಮೋಸ ಮಾಡುತ್ತೆ, ನೆರಳಲ್ಲಿ ಕಣ್ಣೇ ಥರ್ಮಾಮೀಟರ್. ಮೂರು ಸಲ ಅವರು ಈಗ ಅಂದಾಗ ನಾನು ಅಯಸ್ಕಾಂತ ತಾಗಿಸಿ ನೋಡಿದೆ. ಮೂರು ಸಲವೂ ಸರಿ. ನಮ್ಮ ಲ್ಯಾಬಿನ ಮಫಲ್ ಫರ್ನೇಸ್ ಎದುರು ಅವರನ್ನ ಒಂದು ದಿನ ನಿಲ್ಲಿಸ್ಬೇಕು ಅಂತ ಆಸೆ. ವೂಟ್ಜ್ ಅನ್ನೋ ಜಗತ್ಪ್ರಸಿದ್ಧ ಹೆಸರು ನಮ್ಮ "ಉಕ್ಕು" ಪದದಿಂದಲೇ ಬಂತು ಅಂತ ವಿದ್ವಾಂಸರು ಹೇಳ್ತಾರಲ್ಲ, 1800ರಲ್ಲಿ ಬುಕಾನನ್ ಮೈಸೂರು ಸೀಮೆ ಸುತ್ತುವಾಗ ಇಲ್ಲಿ ಕಬ್ಬಿಣ, ಉಕ್ಕು ಮಾಡೋರನ್ನ ನೋಡಿ ಬರೆದಿಟ್ಟನಲ್ಲ, ಆ ಜನ ಥರ್ಮಾಮೀಟರ್ ಇಟ್ಕೊಂಡಿರ್ಲಿಲ್ಲ.

ಅದ್ದಿದ ಮೇಲೆ ಅರ ತಗೊಂಡು ಬಾಯಿ ಮೇಲೆ ಎಳೀರಿ. ಅರ ಕಚ್ಚದೆ ಗಾಜಿನ ಮೇಲೆ ಜಾರಿದ ಹಾಗೆ ಜಾರಿದ್ರೆ ಗಟ್ಟಿಯಾಗಿದೆ. ಈಗಲೇ ಮನೆಗೆ ತರ್ಬೇಡಿ! ಈ ಸ್ಥಿತೀಲಿ ಕೈಜಾರಿ ಕಲ್ಲಿನ ಮೇಲೆ ಬಿದ್ರೂ ತುಂಡಾಗಬಹುದು. ಅಲಗನ್ನ ಉಜ್ಜಿ ಬೆಳ್ಳಿ ಥರ ಮಾಡಿ, ಬೆನ್ನಿನ ಕಡೆಯಿಂದ ಮೆಲ್ಲಗೆ ಕಾಸಬೇಕು. ಬಣ್ಣ ಓಡೋದು ಕಣ್ಣಿಗೆ ಕಾಣುತ್ತೆ: ಮೊದಲು ತಿಳಿ ಹುಲ್ಲಿನ ಬಣ್ಣ, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿ. ಬಾಯಿಗೆ ಹುಲ್ಲಿನ ಬಣ್ಣ ಬಂದಾಗ, ಸುಮಾರು 220 ಡಿಗ್ರಿ, ನಿಲ್ಲಿಸಿ. ಬೆನ್ನು ಅಷ್ಟೊತ್ತಿಗೆ ನೀಲಿ ಆಗಿದ್ರೆ ಒಳ್ಳೇದೇ, ಬೆನ್ನು ಮೆತ್ತಗಿದ್ದು ಪೆಟ್ಟು ತಡೆಯುತ್ತೆ. ಬಾಯಿಗೇ ನೀಲಿ ಹತ್ತಿದ್ರೆ ಮತ್ತೆ ಮೊದಲಿಂದ. ಇದನ್ನ ನೋಡೋಕೆ ಒಂದು ನಿಮಿಷಕ್ಕಿಂತ ಜಾಸ್ತಿ ಸಿಗಲ್ಲ, ವಿಡಿಯೋ ಮಾಡ್ತಾ ನಿಂತ್ರೆ ಹೋಯ್ತು. ಅದಕ್ಕೇ ಈ ಭಾಗಕ್ಕೆ ರೀಲ್ ಇಲ್ಲ.

ಭಾಗ 6

ಕುಲುಮೆ ಎಲ್ಲರಿಗೂ ಆಗಲ್ಲ, ಒಪ್ತೀನಿ. ಹತ್ರ ನಿಂತು ನೋಡೋಕೆ ಪುರುಸೊತ್ತಿಲ್ಲ, ಹದ ಗೊತ್ತಿರೋ ಕಮ್ಮಾರರು ಸಿಗಲ್ಲ ಅಂದ್ರೆ ಫ್ಯಾಕ್ಟರಿ ಚಾಕುವೇ ತಗೊಳ್ಳಿ. ಸ್ವೀಡನ್‌ನ ಮೋರಾ ಅನ್ನೋ ಊರಲ್ಲಿ 1891ರಿಂದ ಚಾಕು ಮಾಡ್ತಿದ್ದಾರೆ, ಅವರ ಕಂಪಾನಿಯನ್ ಅನ್ನೋ ಮಾದರಿ ಜಗತ್ತಿನ ತುಂಬ ಕಲಿಯೋರ ಕೈಲಿದೆ. ಅಲಗು ಸುಮಾರು ಹತ್ತು ಸೆಂಟಿಮೀಟರ್, ಪ್ಲಾಸ್ಟಿಕ್ ಹಿಡಿ, ಪ್ಲಾಸ್ಟಿಕ್ ಒರೆ, ಯಾವ ಅಲಂಕಾರವೂ ಇಲ್ಲ. ಅದು ಫುಲ್ ಟ್ಯಾಂಗ್ ಅಲ್ಲ, ಬಾಲ ಹಿಡಿಯೊಳಗೆ ಕೋಲಿನ ಥರ ಇಳಿದಿರುತ್ತೆ. ಆದ್ರೆ ಉಗುರಷ್ಟಲ್ಲ, ಸಾಕಷ್ಟು ಉದ್ದ, ಗಟ್ಟಿಯಾಗಿ ಕೂತಿರುತ್ತೆ. ಸೌದೆ ಮೇಲೆ ಹೊಡೆದು ಹಿಂಸೆ ಕೊಡದಿದ್ರೆ ವರ್ಷಗಟ್ಟಲೆ ಬಾಳುತ್ತೆ. ನಮ್ಮ ದೇಶಕ್ಕೆ ಬರೋ ಹೊತ್ತಿಗೆ ಬೆಲೆ ಏರುತ್ತೆ, ಅದೊಂದೇ ಬೇಜಾರು. ನಕಲಿ ಕೂಡ ಇದೆ, ನೋಡ್ಕೊಂಡು ತಗೊಳ್ಳಿ.

ಆ ಚಾಕುವಿಂದ ನಾನು ಕದ್ದಿದ್ದು ಅಂಚಿನ ಆಕಾರ. ಎರಡೂ ಕಡೆ ಒಂದೊಂದೇ ಚಪ್ಪಟೆ ಇಳಿಜಾರು, ಅಷ್ಟೆ. ಮೊಂಡಾದಾಗ ಆ ಇಳಿಜಾರನ್ನೇ ಕಲ್ಲಿನ ಮೇಲೆ ಚಪ್ಪಟೆ ಒತ್ತಿ ಉಜ್ಜಿದ್ರೆ ಕೋನ ತಾನಾಗೇ ಸಿಗುತ್ತೆ, ಹೊಸಬರೂ ಕೆಡಿಸೋಕಾಗಲ್ಲ. ಹಾರ್ಡ್‌ವೇರ್ ಅಂಗಡಿಯ ಎರಡು ಮುಖದ ಸಾಣೆಕಲ್ಲು ಸಾಕು, ಒಂದು ಕಡೆ ಒರಟು ಇನ್ನೊಂದು ಕಡೆ ನುಣುಪು. ಕೊನೆಗೆ ಹಳೇ ಬೆಲ್ಟಿನ ಚರ್ಮದ ಒಳಮೈ ಮೇಲೆ ಹಿಮ್ಮುಖ ಎಳೀರಿ.

ಭಾಗ 7

ಈಗ ಬೇರೆ ಥರದ ಮೆಸೇಜುಗಳು.

"ಸೆಲ್ಫ್ ಡಿಫೆನ್ಸಿಗಾ ಅಕ್ಕಾ?" ಹುಡುಗರಿಗೆ ಈ ಪ್ರಶ್ನೆ ಯಾರೂ ಕೇಳಲ್ಲ, ಅವರಿಗೆ ಬರೋದು "ಮಾಸ್" ಅನ್ನೋ ಕಮೆಂಟು. 2018ರಲ್ಲಿ ಸಿನಿಮಾ ಬಂದ ಮೇಲೆ ಕೆಜಿಎಫ್ ಅಂದ ಕೂಡಲೇ ಹೊರಗಿನೋರ ಕಣ್ಣಿಗೆ ಸುತ್ತಿಗೆ, ಬಂದೂಕು, ಧೂಳು. ನಮ್ಮ ಹುಡುಗರೂ ಅದೇ ಪೋಸು ಕೊಡ್ತಾರೆ. ತಾತ ನನ್ನ ಫೋಟೋ ನೋಡಿ ಒಂದೇ ಮಾತು ಕೇಳಿದ್ರು: ಕೆಲಸ ಎಲ್ಲಿ ಕಾಣ್ತಿದೆ ಇದ್ರಲ್ಲಿ? ಅವತ್ತಿಂದ ಚಾಕು ಮುಖದ ಹತ್ರ ಹಿಡಿದ ಫೋಟೋ ಹಾಕಲ್ಲ. ಕೆತ್ತಿದ ಗೂಟ ಇರುತ್ತೆ, ಪಕ್ಕದಲ್ಲಿ ಚಾಕು ಇರುತ್ತೆ.

ಸೆಲ್ಫ್ ಡಿಫೆನ್ಸ್‌ಗೆ ಅಲ್ಲವೇ ಅಲ್ಲ. ಗಲಾಟೇಲಿ ಚಾಕು ತೆಗೆದ್ರೆ ಅದು ಯಾರ ಕೈಗೆ ಹೋಗುತ್ತೆ ಅಂತ ಯಾರಿಗೂ ಗೊತ್ತಿರಲ್ಲ, ಹೆಚ್ಚು ಬಲ ಇರೋರ ಕೈಗೇ ಹೋಗೋದು. ಹುಡುಗೀರೆ, ಫೋನಲ್ಲಿ 112 ಇರಲಿ, ಜೊತೇಲಿ ಜನ ಇರಲಿ.

ಕಾನೂನು, ಚುಟುಕಾಗಿ. 1959ರ ಆರ್ಮ್ಸ್ ಆಕ್ಟ್ ಕೆಳಗಿನ 2016ರ ನಿಯಮಗಳಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗನ್ನ ಆಯುಧದ ಪಟ್ಟಿಗೆ ಸೇರಿಸಿದ್ದಾರೆ, ಮನೆ ಕೆಲಸ, ಬೇಸಾಯಕ್ಕೆ ಮಾಡಿದ್ದನ್ನ ಬಿಟ್ಟು. ನಮ್ಮ ನಾಲ್ಕಿಂಚು ಇದರೊಳಗೆ ಬರಲ್ಲ. ಹಾಗಂತ ಸೊಂಟಕ್ಕೆ ಸಿಕ್ಕಿಸಿ ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ ಸುತ್ತಬಹುದು ಅಂತಲ್ಲ. ಚುನಾವಣೆ, ಹಬ್ಬ, ಗಲಾಟೆ ಸಮಯದಲ್ಲಿ ನಿಷೇಧಾಜ್ಞೆ ಹಾಕ್ತಾರೆ (ಮೊದಲು 144 ಅಂತಿದ್ರು, 2024ರ ಜುಲೈಯಿಂದ ಬಿಎನ್‌ಎಸ್‌ಎಸ್ 163), ಆಗ ಮನೇಲೇ ಇರಲಿ. ಕಾಲೇಜಿಗೆ ಯಾವತ್ತೂ ಬೇಡ. ಮಾರಿಕುಪ್ಪಂ ರೈಲಲ್ಲೂ ನಾನು ಒಯ್ಯಲ್ಲ. ಚಾಕು ತೋಟದ ಮನೇಲೇ ಪೆಟ್ಟಿಗೇಲಿ ಇರುತ್ತೆ.

ಕಾಡು ಅಂದ್ರೆ ಇನ್ನೂ ಬಿಗಿ. 1972ರ ವನ್ಯಜೀವಿ ಕಾಯ್ದೆಯ ಆಯುಧ ಅನ್ನೋ ಪದದ ಅರ್ಥದಲ್ಲೇ ಚಾಕು ಸೇರಿದೆ, ಲಿಖಿತ ಅನುಮತಿ ಇಲ್ಲದೆ ಅಭಯಾರಣ್ಯದೊಳಕ್ಕೆ ಒಯ್ಯೋ ಹಾಗಿಲ್ಲ. ಗಡಿಯಾಚೆ ಕೌಂಡಿನ್ಯ ಅಭಯಾರಣ್ಯಕ್ಕೆ ಟ್ರಿಪ್ ಹಾಕೋರು ಗಮನಿಸಿ. ಮೀಸಲು ಅರಣ್ಯದಲ್ಲಿ ಕೊಂಬೆ ಕಡಿಯೋದು, ಬೆಂಕಿ ಹಾಕೋದು ಅಪರಾಧ. ಕಾಮಸಮುದ್ರದ ಕಡೆ ಆನೆಗಳೂ ಬರ್ತಾವೆ, ಅವಕ್ಕೆ ನಿಮ್ಮ ಚಾಕು ಎಷ್ಟು ಇಂಚು ಅನ್ನೋದು ಮುಖ್ಯ ಅಲ್ಲ. ಅಭ್ಯಾಸ ಎಲ್ಲಾ ಸ್ವಂತ ಜಮೀನು, ಗೊತ್ತಿರೋರ ತೋಟ, ಉದುರಿ ಬಿದ್ದ ನೀಲಗಿರಿ, ಬೇಲಿಗೆ ನುಗ್ಗಿದ ಲಂಟಾನದ ಮೇಲೆ ಮಾಡಿ. ಲಂಟಾನ ಎಷ್ಟು ಕಡಿದ್ರೂ ರೈತರು ಥ್ಯಾಂಕ್ಸ್ ಹೇಳ್ತಾರೆ.

ಭಾಗ 8

ಉಳಿದಿದ್ದು ಹಿಡಿ, ಒರೆ, ಲೆಕ್ಕ.

ಹಿಡಿಗೆ ತೋಟದಲ್ಲೇ ಬಿದ್ದಿದ್ದ ಒಣ ಹುಣಸೆ ಕೊಂಬೆಯ ಗಟ್ಟಿ ತಿರುಳು, ಹಾಗಾಗಿ ಖರ್ಚಿಲ್ಲ. ಹಿತ್ತಾಳೆ ಸರಳಿನ ಮೂರು ಮೊಳೆ, ಅರಾಲ್ಡೈಟ್, ಒಂದು ರಾತ್ರಿ ಕ್ಲ್ಯಾಂಪಿನಲ್ಲಿ. ಪಾಲಿಶ್ ಬೇಡ, ಬೆವರು ಕೈಯಲ್ಲಿ ಜಾರುತ್ತೆ. ಎಣ್ಣೆ ಕುಡಿಸಿ ಬಿಡಿ.

ಒರೆಯನ್ನ ಚಪ್ಪಲಿ ಹೊಲಿಯೋ ಹಿರಿಯರೊಬ್ಬರು ಮಾಡ್ಕೊಟ್ರು. ಎರಡು ಚರ್ಮದ ನಡುವೆ, ಬಾಯಿ ಬರೋ ಕಡೆ, ಇನ್ನೊಂದು ಚರ್ಮದ ಪಟ್ಟಿ ಇಟ್ಟು ಹೊಲೀರಿ ಅಂತ ಹೇಳೋದು ಮರೀಬೇಡಿ. ಆ ಪಟ್ಟಿ ಇಲ್ದೆ ಇದ್ರೆ ಅಲಗು ದಿನಾ ಹೊಲಿಗೆ ಕತ್ತರಿಸುತ್ತೆ, ಒಂದು ದಿನ ಒರೆ ಬಾಯ್ಬಿಟ್ಟು ತೊಡೆಗೆ ಬರುತ್ತೆ. ನಾನು ಹೇಳೋ ಮೊದಲೇ ಅವರು ಆ ಪಟ್ಟಿ ಕತ್ತರಿಸಿ ಇಟ್ಟಿದ್ರು.

ಪಟ್ಟಿ ತುಂಡು 80, ಕುಲುಮೆ ಕೂಲಿ 350, ಅರಾಲ್ಡೈಟ್ 60, ಹಿತ್ತಾಳೆ 40, ಒರೆ 150. ಒಟ್ಟು 680 ರೂಪಾಯಿ. ಸಾಣೆಕಲ್ಲು 140 ಸೇರಿಸಿದ್ರೆ 820. ಕಡಲೆಕಾಯಿ ಎಣ್ಣೆ ಅಮ್ಮನ ಲೆಕ್ಕದಲ್ಲಿ. ಹೊಲಿಗೆ ಹಾಕಿಸಿಕೊಂಡೋನ ಕೈ ಈಗ ವಾಸಿ, ಅವನ ರಟ್ಟು ರೆಡಿ ಇದೆ, ಬರೋ ಭಾನುವಾರ ಇಬ್ಬರೂ ಕುಲುಮೆಗೆ ಹೋಗ್ತೀವಿ. ಬರೋರು ಶುಕ್ರವಾರದೊಳಗೆ ಹೇಳಿ, ಅಣ್ಣನಿಗೆ ಮೊದಲೇ ತಿಳಿಸ್ಬೇಕು. ಸಾಣೆಕಲ್ಲು ನೋಡ್ಬೇಕು ಅನ್ನೋರು ಕ್ಲಾಸಲ್ಲಿ ಕೇಳಿ, ನನ್ನ ಬ್ಯಾಗಲ್ಲಿ ಕಲ್ಲು ಮಾತ್ರ ಇರುತ್ತೆ.

#ಕೆಜಿಎಫ್ #ಬಂಗಾರಪೇಟೆ #ಕುಲುಮೆ #ನಾಲ್ಕಿಂಚು